ಊರು ಹದಿಮೂರು, ಸೈಟು ಸೊನ್ನೆ

ಮಾರ್ಚ್ 4, ಮಂಗಳವಾರ

ಕಾಮಾಲೆ.

ಮೊನ್ನೆಯಿಂದ ಮಾಲಾ ಬಡಕೊಳ್ಳುತ್ತಿದ್ದಳು, "ನಿಮ್ಮ ಕಣ್ಣು ಒಂದ್ಸಲ ಕನ್ನಡಿಯೊಳಗ ನೋಡ್ಕೋರಿ" ಅಂತ. ನಾನು ಕೇಳಬೇಕಲ್ಲ! ವಿಜಯನಗರದಲ್ಲಿ ಕನ್ನಡಕದ ಅಂಗಡಿ ಇಟ್ಟುಕೊಂಡು ಊರಿಗೆಲ್ಲ ಕಣ್ಣು ನೋಡುವವನಿಗೆ ತನ್ನ ಕಣ್ಣು ಹಳದಿಯಾದದ್ದು ಕಾಣಲಿಲ್ಲ. ಡಾಕ್ಟರು ಒಂದು ತಿಂಗಳು ಹಾಸಿಗೆ ಬಿಡಬೇಡಿ ಅಂದರು. "ಹೊಸತೊಡಕಿನ ದಿನ ಮ್ಯಾಚ್ ಇದೆ ಡಾಕ್ಟ್ರೇ" ಅಂದೆ. "ಟಿವಿಲಿ ನೋಡಿ" ಅಂದರು. ಆ ಪುಣ್ಯಾತ್ಮನಿಗೆ ಏನು ಗೊತ್ತು.

ಮಾಲಾ ಮೊಬೈಲು ಕಿತ್ತುಕೊಂಡು ಅಂಗಡಿಗೆ ಹೋದಳು. ಲೆನ್ಸ್ ಕಂಪನಿಯವರು ಹೊಸ ವರ್ಷಕ್ಕೆ ಕೊಟ್ಟ ಈ ಡೈರಿ ಕೈಗೆ ಸಿಕ್ಕಿತು. ಹೊಟ್ಟೆಯಲ್ಲಿರುವುದನ್ನು ಇದರಲ್ಲಾದರೂ ಕಕ್ಕುತ್ತೇನೆ. ಇನ್ನೊಂದು ಥರ ಕಕ್ಕುವುದು ಬೆಳಿಗ್ಗೆಯಿಂದ ಮೂರು ಸಲ ಆಗಿದೆ.

ಟಿವಿಯಲ್ಲಿ ಬರುವ ಮ್ಯಾಚಲ್ಲ ಅದು. ಯುಗಾದಿಯ ಮರುದಿನ ಹೇರೋಹಳ್ಳಿ ಕೆರೆ ಹಿಂದಿನ ಬಯಲಲ್ಲಿ ನಡೆಯುವುದು. ಹಳೇ ಊರಿನವರು ಒಂದು ಕಡೆ, ಲೇಔಟಿನ ನಾವು ಒಂದು ಕಡೆ. ನಮ್ಮಲ್ಲಿ ಹೆಚ್ಚಿನವರು ರಾಣೆಬೆನ್ನೂರು, ಹಾವೇರಿ, ಗದಗ ಕಡೆಯಿಂದ ಬಂದು ಇಲ್ಲಿ ಮನೆ ಕಟ್ಟಿಕೊಂಡವರು. ಅವರ ಬಾಯಲ್ಲಿ ನಾವು 'ಸೈಟಿನೋರು'. ಹದಿಮೂರು ವರ್ಷ ಆಡಿದ್ದೇವೆ, ಹದಿಮೂರೂ ಸೋತಿದ್ದೇವೆ. ಒಂದು ವರ್ಷ ನಡುವೆ ಮಳೆ ಬಂತು, ಬದುಕಿದೆಯಾ ಬಡಜೀವವೇ ಅಂದುಕೊಂಡೆ. ಮಳೆ ನಿಂತ ಮೇಲೆ ಗೋಣಿಚೀಲದಿಂದ ಪಿಚ್ ಒರೆಸಿ, ಆಡಿಸಿ, ಸೋಲಿಸಿ ಕಳಿಸಿದರು. ಮೊದಲಿನಿಂದಲೂ ಸೈಟಿನ ಕ್ಯಾಪ್ಟನ್ ನಾನೇ.

ಹೊಸತೊಡಕಿನ ದಿನ ಏನು ಮಾಡುತ್ತೀವೋ ವರ್ಷವಿಡೀ ಅದೇ ನಡೆಯುತ್ತದೆ ಅಂತ ಊರಿನವರ ನಂಬಿಕೆ. ಅದಕ್ಕೇ ಅವತ್ತು ಮಕ್ಕಳಿಗೆ ಬೈಯುವುದಿಲ್ಲ, ಯಾರನ್ನೂ ಅಳಿಸುವುದಿಲ್ಲ. ನಮ್ಮನ್ನು ಮಾತ್ರ ತಪ್ಪದೆ ಸೋಲಿಸುತ್ತಾರೆ. ನನಗೆ ಒಂದು ಸಲ ಗೆಲ್ಲಬೇಕು. ಊರಿನ ಕ್ಯಾಪ್ಟನ್ ಕೆಂಚಪ್ಪನವರ ಟೀಮನ್ನು ಒಂದೇ ಒಂದು ಸಲ. ಬೇರೆ ಯಾವ ದೊಡ್ಡ ಆಸೆಯೂ ನನಗಿಲ್ಲ, ಶಿವ ನೋಡಿಕೊಳ್ಳಲಿ.

ಮಾರ್ಚ್ 7, ಶುಕ್ರವಾರ

ಮಧ್ಯಾಹ್ನ ನಿದ್ದೆಯೂ ಅಲ್ಲ, ಎಚ್ಚರವೂ ಅಲ್ಲ. ಕೆಂಚಪ್ಪನವರು ಬೌಲ್ ಮಾಡಿದ ಚೆಂಡು ಮೇಲೆ ಹೋಯಿತು, ಇಳಿಯಲೇ ಇಲ್ಲ. ನಾನು ಬ್ಯಾಟ್ ಎತ್ತಿಕೊಂಡು ನಿಂತೇ ಇದ್ದೆ. ಹೊಂಗೆ ಮರ ಹೂ ಬಿಟ್ಟಿತ್ತು, ಉದುರಿತು, ಮತ್ತೆ ಬಿಟ್ಟಿತು. ಫೀಲ್ಡರುಗಳೆಲ್ಲ ಮನೆಗೆ ಹೋಗಿ ಉಂಡು ಬಂದರು. ಚೆಂಡು ಇನ್ನೂ ಮೇಲೇ ಇತ್ತು, ನನಗೆ ಒಂದಿಷ್ಟೂ ಅವಸರವಿರಲಿಲ್ಲ. ಹಾಗೇ ಇರಬಹುದಿತ್ತು. ಬಾಗಿಲು ಬಡಿದ ಸದ್ದಿಗೆ ಎದ್ದೆ.

ಬಂದದ್ದು ಉದಯಕುಮಾರ್. ಎದುರು ಮನೆಯವನು, ಗದಗಿನವನು, ನಮ್ಮ ಓಪನಿಂಗ್ ಬ್ಯಾಟ್ಸ್‌ಮನ್. ಎಳನೀರು ತಂದಿದ್ದ. ಅದನ್ನು ಕುಡಿಸಿ ಆಮೇಲೆ ಚೂರಿ ಹಾಕಿದ.

"ವೀರೇಶಣ್ಣ, ಗ್ರೂಪಿನಾಗ ಒಂದು ಮಾತು ನಡದೈತಿ. ಈ ಸಲ ಫಾರ್ಮ್ಯಾಟ್ ಬದಲು ಮಾಡೂಣು ಅಂತ."

"ಯಾವ ಫಾರ್ಮ್ಯಾಟ್?"

"ಊರು, ಸೈಟು ಅನ್ನೂದ ಬ್ಯಾಡ. ಎಲ್ಲಾರ ಹೆಸರೂ ಚೀಟಿ ಬರದು, ಎತ್ತಿ, ಎರಡು ಟೀಮ್ ಮಾಡೂಣು. ಸೋಲಾಕ ಅಂತ ಯಾರು ರಜಾ ಹಾಕ್ತಾರ್ರೀ? ಈ ಸಲ ಆಗಲೇ ಮೂರು ಮಂದಿ ಹಬ್ಬಕ್ಕ ಊರಿಗೆ ಟಿಕೆಟ್ ಮಾಡ್ಸ್ಯಾರ."

ನನ್ನ ಪಿತ್ತ ಮೊದಲೇ ಕೆಟ್ಟಿತ್ತು, ಈಗ ನೆತ್ತಿಗೇರಿತು. ಚೀಟಿ ಎತ್ತಿದರೆ ನಾನು ಯಾರನ್ನು ಸೋಲಿಸಲಿ? ಕೆಂಚಪ್ಪನವರೂ ನಾನೂ ಒಂದೇ ಟೀಮಿಗೆ ಬಿದ್ದರೆ? ಹದಿಮೂರು ಸೋಲಿನ ಗತಿ ಏನು? ಎದ್ದು ಕೂತು ಕೂಗಾಡಿದೆ. ಪಾಪ, ಅವನು ಎಳನೀರು ಬುರುಡೆ ಎತ್ತಿಕೊಂಡು ಹೊರಟುಹೋದ.

ಮಾರ್ಚ್ 9, ಭಾನುವಾರ

ಇವತ್ತು ಕೆಂಚಪ್ಪನವರೇ ಬಂದರು. ಜೊತೆಗೆ ಅವರ ತಾಯಿ ಮುನಿಲಕ್ಷ್ಮಮ್ಮ, ಕೈಯಲ್ಲಿ ಸ್ಟೀಲ್ ಲೋಟ. ಲೋಟದಲ್ಲಿ ನೆಲನೆಲ್ಲಿ ಅರೆದು ಮಜ್ಜಿಗೆಗೆ ಹಾಕಿದ್ದು.

"ಮೂಗು ಮುಚ್ಕೊಂಡು ಕುಡಿ," ಅಂದರು ಅಜ್ಜಿ. ನನಗೆ ನಲವತ್ತಾರು ವರ್ಷ. ಮೂಗು ಮುಚ್ಕೊಂಡು ಕುಡಿದೆ. ಉಪ್ಪಿಲ್ಲ, ಎಣ್ಣೆಯಿಲ್ಲ, ಒಗ್ಗರಣೆ ವಾಸನೆಯೂ ತಗೋಬಾರದು ಅಂತ ಮಾಲಾಗೆ ಅಪ್ಪಣೆ ಆಯಿತು. ಮಾಲಾ "ಡಾಕ್ಟರ್ ಗುಳಿಗಿನೂ ಬಿಡಂಗಿಲ್ಲ ಮತ್ತ" ಅಂದಳು. "ಅದನ್ನೂ ನುಂಗ್ಲಿ, ಯಾರು ಬೇಡ ಅಂದೋರು?" ಅಂದರು ಅಜ್ಜಿ.

ಕೆಂಚಪ್ಪನವರು ಕುರ್ಚಿ ಎಳೆದುಕೊಂಡು ಕೂತರು. "ಏನ್ ಸಾರ್, ಹಬ್ಬಕ್ಕೆ ಮುಂಚೇನೇ ಅರಿಶಿಣ ಬಳ್ಕೊಂಡು ಕುಂತಿದ್ದೀರಾ?"

ವೈರಿಯ ಎದುರು ಹಾಸಿಗೆ ಮೇಲೆ ಬಿದ್ದಿರುವುದು ಎಂಥ ಅವಮಾನ! ಹೊದಿಕೆ ಗದ್ದದ ತನಕ ಎಳೆದುಕೊಂಡೆ. ಚೀಟಿಯ ವಿಷಯ ಅವರೇ ಎತ್ತಿದರು. ಅವರ ಮಗ ರೇವಂತನಿಗೂ ಬದಲಾಯಿಸಬೇಕಂತೆ. ರೇವಂತ್ ಲೀಗ್ ಆಡುವ ಹುಡುಗ, ನಮ್ಮ ಅರ್ಧ ಟೀಮನ್ನು ಪ್ರತಿ ವರ್ಷ ಒಬ್ಬನೇ ಮುಗಿಸುವವನು. "ಗೆದ್ದು ಗೆದ್ದು ಬೋರ್ ಆಗೈತಂತೆ ಸಾರ್ ನನ್ ಮಗಂಗೆ! ಗೆಲ್ಲೋದು ಬೋರ್ ಆಯ್ತದಾ? ಅನ್ನ ಉಣ್ಣೋದು ಬೋರ್ ಆಯ್ತದಾ?"

"ನನಗೆ ಸೋಲೋದೇ ಬೋರ್ ಆಗಿಲ್ಲ, ಇವರಿಗೇನು ಬಂತು ರೋಗ?" ಅಂದೆ.

ಇಬ್ಬರೂ ನಕ್ಕೆವು. ಅವರು ಹೋದ ಮೇಲೆ, ನಕ್ಕದ್ದು ಸರಿಯಲ್ಲ ಅನ್ನಿಸಿತು.

ಮಾರ್ಚ್ 11, ಮಂಗಳವಾರ

ಬರಿ ಗಂಜಿ. ಬರೆಯಲು ಏನೂ ಇಲ್ಲ. ಕೆಂಚಪ್ಪನವರು ಬಂದಿದ್ದರು.

ಮಾರ್ಚ್ 14, ಶುಕ್ರವಾರ

ದಿನಾ ಹನ್ನೊಂದರ ಹೊತ್ತಿಗೆ ಲೋಟ ಹಿಡಿದುಕೊಂಡು ಬರುತ್ತಾರೆ ಕೆಂಚಪ್ಪ. ಹಾಳು ಕಹಿ ಕುಡಿಸಿ, ಗೋಡೆ ನೋಡುತ್ತಾ ಕೂರುತ್ತಾರೆ. ಇವತ್ತು ಹೇಳಿದರು, "ನೀವು ಮಲಗಿದ್ದೀರಲ್ಲ ಸಾರ್, ಇದೇ ಜಾಗ, ನಮ್ ಹುರುಳಿ ಹೊಲ. ಅಲ್ಲಿ ನಿಮ್ ಅಡಿಗೆ ಮನೆ ಐತಲ್ಲ, ಅಲ್ಲಿ ಬಾವಿ. ಅವ್ವ ನನ್ನ ಆ ಮೂಲೇಲಿ ಸೀರೆ ಜೋಲಿ ಕಟ್ಟಿ ಮಲಗಿಸ್ತಿದ್ಲಂತೆ."

ಆ ಮೂಲೆಯಲ್ಲಿ ನಮ್ಮ ವಾಷಿಂಗ್ ಮಶೀನ್ ಇದೆ. ಅದನ್ನೇ ಸುಮಾರು ಹೊತ್ತು ನೋಡಿದರು.

"ಮಾರಿದ್ದಕ್ಕೆ ಬೇಜಾರಾ?" ಅಂತ ಕೇಳಿದೆ.

"ಬೇಜಾರೇನಿಲ್ಲ. ಒಳ್ಳೆ ರೇಟ್ ಬಂತು, ಬಾಡಿಗೆ ಮನೆ ಕಟ್ಸ್ಕೊಂಡೆ, ಚೆನ್ನಾಗೇ ಇದೀನಿ. ಆದ್ರೆ ನೋಡಿ, ರೋಡಿಗೆ ನಿಮ್ಮೋರ ಹೆಸರು. ಅಂಗಡಿ ಬೋರ್ಡಲ್ಲೆಲ್ಲ ರೊಟ್ಟಿ, ಗಿರಮಿಟ್ಟು. ಆಟೋದೋನಿಗೆ ಹೇರೋಹಳ್ಳಿ ಅಂದ್ರೆ 'ಯಾವ ಲೇಔಟ್ ಅಣ್ಣ' ಅಂತಾನೆ. ನಿಮ್ಮನ್ನ ವರ್ಷಕ್ಕೊಂದು ಸಲ ಸೋಲ್ಸೋದು ಬಿಟ್ರೆ ಊರು ಅಂತ ಇನ್ನೇನ್ ಉಳಿದೈತೆ ಸಾರ್ ನಮ್ಗೆ? ಅದುನ್ನೂ ಚೀಟಿಗೆ ಹಾಕು ಅಂತಾವೆ ಈ ಹುಡುಗ್ರು."

ಇಷ್ಟು ದಿನ ಆ ಗೆಲುವು ನನಗೆ ಮಾತ್ರ ಬೇಕು ಅಂದುಕೊಂಡಿದ್ದೆ.

ಮಧ್ಯಾಹ್ನ ಮಂಚದ ಕೆಳಗೆ ಹುರುಳಿ ಬೆಳೆದಿತ್ತು. ಟೈಲ್ಸಿನ ಸಂದಿಯಿಂದ ಎದ್ದು ಬಳ್ಳಿ ನನ್ನ ಹೊದಿಕೆಯ ತನಕ ಬಂದಿತ್ತು. ಅಡಿಗೆ ಮನೆಯಲ್ಲಿ ಯಾರೋ ಬಾವಿಗೆ ಕೊಡ ಇಳಿಸುತ್ತಿದ್ದರು, ಗಡಗಡ ಅಂತ ರಾಟೆ. ಎದ್ದಾಗ ಮಾಲಾ ಮಿಕ್ಸಿ ಹಾಕಿದ್ದಳು. ಎಚ್ಚರವಾದದ್ದಕ್ಕೆ ಬೇಸರವಾಯಿತು.

ಮಾರ್ಚ್ 18, ಮಂಗಳವಾರ

ನಾನು ಏಳುವಂತಿಲ್ಲ ಅಂತ ಮೀಟಿಂಗು ನಮ್ಮ ಹಾಲಿಗೇ ಬಂತು. ಊರಿನವರು ಸೋಫಾ ಮೇಲೆ, ನಮ್ಮವರು ಚಾಪೆ ಮೇಲೆ, ನಾನು ದಿಂಬಿಗೆ ಒರಗಿ. ಹುಡುಗರೆಲ್ಲ ಚೀಟಿ ಪರ. ಕೆಂಚಪ್ಪನೂ ನಾನೂ ಇಬ್ಬರೇ ವಿರುದ್ಧ. ಒಬ್ಬನಂತೂ "ಊರಿನೋರು ಎಡಗೈಲಿ ಆಡ್ಲಿ ಗುರು" ಅಂದ. ರೇವಂತ್ ಎದ್ದು ನಿಂತು, "ಅಪ್ಪಾ, ಇವ್ರನ್ನ ಸೋಲ್ಸೋದ್ರಲ್ಲಿ ಮರ್ಯಾದೆ ಎಲ್ಲೈತೆ? ಸಮಾ ಇದ್ರೆ ತಾನೆ ಆಟ" ಅಂದ. ಮಾತು ಸರಿಯಾಗೇ ಇತ್ತು, ಅದಕ್ಕೇ ಇನ್ನಷ್ಟು ಉರಿಯಿತು.

ಕೊನೆಗೆ ತೀರ್ಮಾನ: ಈ ಭಾನುವಾರ ಚೀಟಿ ಎತ್ತಿ ಒಂದು ಟ್ರಯಲ್ ಮ್ಯಾಚು. ಚೆನ್ನಾಗಿ ನಡೆದರೆ ಹೊಸತೊಡಕಿಗೂ ಅದೇ. ಕೆಟ್ಟರೆ ಹಳೆಯದೇ. ಕೆಂಚಪ್ಪ ಹೊರಡುವಾಗ ನನ್ನ ಕಿವಿಯಲ್ಲಿ, "ಕೆಡಲಿ ಅಂತ ನಿಮ್ ದೇವರಿಗೂ ಹೇಳಿ ಸಾರ್" ಅಂದ.

ಮಾರ್ಚ್ 23, ಭಾನುವಾರ

ಅಯ್ಯಯ್ಯೋ, ನಕ್ಕು ನಕ್ಕು ಪಕ್ಕೆ ಹಿಡಿದುಕೊಂಡಿದೆ.

ಮಾಲಾ ಟೆರೇಸಿನ ಮೇಲೆ ಚಾಪೆ ಹಾಸಿ ನನ್ನನ್ನು ಕೂರಿಸಿದ್ದಳು. ಅಲ್ಲಿಂದ ಬಯಲು ಕಾಣುತ್ತದೆ. ಬೆಳಗಿನ ಬಿಸಿಲು ಬೆಲ್ಲದ ಪಾಕದ ಹಾಗೆ. ಎಲ್ಲರೂ ಬಿಳಿ ಅಂಗಿ ಹಾಕಿದ್ದರಿಂದ ಯಾರು ಊರು, ಯಾರು ಸೈಟು ಅಂತ ಅಷ್ಟು ದೂರದಿಂದ ಗೊತ್ತಾಗುತ್ತಿರಲಿಲ್ಲ. ಒಂದಷ್ಟು ಬಿಳಿ ಕೊಕ್ಕರೆ ಬಂದು ಇಳಿದಂತಿತ್ತು. ನಡುನಡುವೆ ಕಣ್ಣು ಮುಚ್ಚಿಹೋಗುತ್ತಿತ್ತು, ಬ್ಯಾಟಿನ ಸದ್ದಿಗೆ ತೆರೆಯುತ್ತಿತ್ತು.

ಚೀಟಿಯಲ್ಲಿ ಉದಯನೂ ರೇವಂತನೂ ಒಂದೇ ಟೀಮು, ಇಬ್ಬರೂ ಬ್ಯಾಟಿಂಗು. ಉದಯ ಚೆಂಡನ್ನು ಹತ್ತಿರದಲ್ಲೇ ತಟ್ಟಿದ. ರೇವಂತ್ ಆ ಕಡೆಯಿಂದ ಹೊರಟ. ಉದಯನಿಗೆ ರನ್ ಬೇಕಿರಲಿಲ್ಲ. ಕೈ ಎತ್ತಿ, ಇಡೀ ಕೆರೆಗೆ ಕೇಳುವ ಹಾಗೆ ಕೂಗಿದ, "ಒಲ್ಲೆ! ಒಲ್ಲೆ! ಒಲ್ಲೆ!"

ನಮ್ಮ ಕಡೆ ಮೂರನೇ ರೊಟ್ಟಿ ಬಡಿಸಲು ಬಂದರೆ ಕೂಸು ಕೂಡ ಹೇಳುವ ಮಾತು. ಬೇಡ, ನಾ ಬರಲ್ಲ ಅಂತ. ರೇವಂತನಿಗೆ ಕೇಳಿಸಿದ್ದು 'ಒಳ್ಳೆ, ಒಳ್ಳೆ, ಒಳ್ಳೆ'. ಶಭಾಷ್ ಹೇಳುತ್ತಿದ್ದಾನೆ ಅಂದುಕೊಂಡು ಇನ್ನೂ ಜೋರಾಗಿ ಓಡಿಬಂದ! ಇಬ್ಬರೂ ಒಂದೇ ಕ್ರೀಸಿನಲ್ಲಿ. ರೇವಂತ್ ಗಾಬರಿಯಾಗಿ ತಿರುಗಿದ, ಕಾಲು ಮಡಚಿಕೊಂಡು ಬಿದ್ದ, ಔಟಾದ.

"ಒಳ್ಳೆ ಅಂತ ಕರೆದು ಔಟ್ ಮಾಡ್ಸಿದ್ರಿ!"

"ಒಳ್ಳೆ ಅಂತ ಯಾವಾಗ ಅಂದೇನೋ? ಒಲ್ಲೆ ಅಂದೇನಿ!"

"ಎರಡೂ ಒಂದೇ ಅಲ್ವಾ ಗುರು?"

"ಹೆಂಗ್ ಒಂದ ಆಕ್ಕೈತಿ? ಒಂದು ಬ್ಯಾಡ, ಒಂದು ಚಲೋ!"

ಅಷ್ಟೇ, ಶುರುವಾಯಿತು. ಕನ್ನಡ ಯಾರದು ಸರಿ ಅಂತ ಇಪ್ಪತ್ತೆರಡು ಜನ ಪಿಚ್ ಮೇಲೆ ನಿಂತು ಜಗಳ. ಕೊನೆಗೆ ಕೆಂಚಪ್ಪನ ಗಂಟಲು ಕೇಳಿಸಿತು, "ಒಂದ್ ರನ್ನಿಗೆ ಒಬ್ಬ ದುಭಾಷಿ ಬೇಕಾಯ್ತದೆ. ಸಾಕು ನಡೀರ್ಲಾ! ಹಳೇ ಥರಾನೇ ಆಡೋದು." ಆಮೇಲೆ ನಮ್ಮ ಟೆರೇಸಿನ ಕಡೆ ತಿರುಗಿ ಎರಡೂ ಕೈ ಎತ್ತಿದ. ನಾನೂ ಎತ್ತಿದೆ.

ಮಾರ್ಚ್ 26, ಬುಧವಾರ

ಮೂರು ದಿನದಿಂದ ಕೆಂಚಪ್ಪ ಇಲ್ಲ. ಔಷಧಿ ಮುಗಿಯಿತಂತೆ, ಇನ್ನು ಬೇಡವಂತೆ, ಅಜ್ಜಿ ಹೇಳಿ ಕಳಿಸಿದ್ದಾರೆ. ಔಷಧಿ ಬೇಡದಿದ್ದರೆ ಬರಬಾರದು ಅಂತ ಇದೆಯಾ? ಹನ್ನೊಂದಾದರೆ ಗೇಟಿನ ಸದ್ದಿಗೆ ಕಿವಿ ನೆಟ್ಟಗಾಗುತ್ತದೆ.

"ಏನ್ರೀ, ವೈರಿ ಬರ್ಲಿಲ್ಲ ಅಂತ ಗಂಜಿನೂ ಬಿಟ್ರ್ಯಾ?" ಅಂದಳು ಮಾಲಾ. ಇವಳಿಗೆ ಎಲ್ಲದರಲ್ಲೂ ತಮಾಷೆ. ನನಗೆ ಹಸಿವಿಲ್ಲ, ಅಷ್ಟೇ.

ಮಾರ್ಚ್ 28, ಶುಕ್ರವಾರ

ಬಂದ. ಮುಖ ಸಪ್ಪಗಿತ್ತು.

"ರೇವಂತನ ಕಾಲು ಊದೈತೆ ಸಾರ್. ಆಡಕ್ಕಾಗಲ್ಲ."

ಹಾಲು ಕುಡಿದಷ್ಟು ಸಂತೋಷವಾಯಿತು, ಸುಳ್ಳು ಯಾಕೆ ಬರೆಯಲಿ. ರೇವಂತ್ ಇಲ್ಲದ ಊರು! ಗೆಲ್ಲಬಹುದು. ಈ ವರ್ಷ ನಿಜವಾಗಲೂ ಗೆಲ್ಲಬಹುದು. ಅಷ್ಟರಲ್ಲಿ ಅವನು ಮತ್ತೆ ಆ ವಾಷಿಂಗ್ ಮಶೀನ್ ಕಡೆ ನೋಡುತ್ತಾ ಕೂತ. ನನ್ನ ಬಾಯಿಂದ ಒಂದು ಮಾತು ಬಂತು. ಯಾಕೆ ಬಂತೋ, ಪಿತ್ತ ಇನ್ನೂ ಇಳಿದಿಲ್ಲವೇನೋ.

"ಈ ಒಂದು ಸಲ ಚೀಟಿನೇ ಹಾಕೋಣ್ವಾ?"

ಕೆಂಚಪ್ಪ ಎದ್ದು ನಿಂತ. "ಏನ್ ಸಾರ್, ಕನಿಕರಾನಾ?"

"ಹಾಗಲ್ಲ..."

"ಹದಿಮೂರು ವರ್ಷದಲ್ಲಿ ನಾವು ನಿಮ್ಗೆ ಕನಿಕರ ತೋರಿಸಿದ್ವಾ?"

"ಇಲ್ಲ."

"ಒಂದು ರನ್ ಬಿಟ್ಟುಕೊಟ್ವಾ?"

"ಇಲ್ಲ ಮಾರಾಯ."

"ಮತ್ತೆ? ಸುಮ್ನೆ ಬಂದು ಆಡಿ."

ಬಾಗಿಲು ದಡಾರ್ ಅಂತ ಹಾಕಿಕೊಂಡು ಹೋದ. ನನಗೆ ನಾಚಿಕೆಯಾಯಿತು.

ಮಾರ್ಚ್ 30, ಭಾನುವಾರ, ಯುಗಾದಿ

ಬೇವು-ಬೆಲ್ಲದಲ್ಲಿ ನನಗೆ ಬೇವೇ ಜಾಸ್ತಿ ಹಾಕಿದಳು ಮಾಲಾ, ಒಳ್ಳೆಯದಂತೆ. ರಕ್ತ ಪರೀಕ್ಷೆ ಚೆನ್ನಾಗಿ ಬಂದಿದೆ. ಓಡಾಡಬಹುದು, ಓಡಬಾರದು. ನಾಳೆ ಕುರ್ಚಿ ಹಾಕಿಕೊಂಡು ನೋಡಲು ಮಾತ್ರ ಪರ್ಮಿಷನ್.

ಸಂಜೆ ಟೆರೇಸಿಗೆ ಹೋದೆ ಚಂದ್ರನ ನೋಡಲು. ಊರಿಗೆ ಊರೇ ಟೆರೇಸುಗಳ ಮೇಲಿತ್ತು. ಮೂಲೆ ಮನೆಯ ಸಾಬರ ಮಕ್ಕಳೂ ಹುಡುಕುತ್ತಿದ್ದರು, ನಾಳೆ ಅವರಿಗೂ ಹಬ್ಬ ಆಗಬೇಕಲ್ಲ. ಯಾರೋ "ಅಗೋ!" ಅಂದರು. ಉಗುರು ಕತ್ತರಿಸಿ ಎಸೆದಷ್ಟು ತೆಳ್ಳಗೆ, ಕೆರೆಯ ಮೇಲೆ. ಎರಡು ಟೆರೇಸಿನ ಆಚೆ ಮುನಿಲಕ್ಷ್ಮಮ್ಮ ಕೈ ಮುಗಿಯುತ್ತಿದ್ದರು, ಪಕ್ಕದಲ್ಲಿ ಕೆಂಚಪ್ಪ. ನನ್ನನ್ನು ನೋಡಿ ಮುಖ ತಿರುಗಿಸಿದ. ಆಮೇಲೆ ಕೈ ತೋರಿಸಿದ, ಅಲ್ಲಲ್ಲ, ಇನ್ನೂ ಸ್ವಲ್ಪ ಎಡಕ್ಕೆ ನೋಡು ಅಂತ. ನೋಡಿದೆ. ಎಷ್ಟು ಹೊತ್ತು ಹಾಗೇ ನಿಂತಿದ್ದೆವೋ.

ಮಾರ್ಚ್ 31, ಸೋಮವಾರ, ಹೊಸತೊಡಕು

ಈಗಷ್ಟೇ ಮನೆಗೆ ಬಂದೆ. ಬರೆದುಬಿಡುತ್ತೇನೆ.

ಬಯಲಿನ ಅಂಚಿನಲ್ಲಿ ಊರಿನವರ ಬಾಡಿನ ಹಂಡೆ, ಇತ್ತ ನಮಗೆಂದು ಬೇರೆ ಪಾತ್ರೆಯಲ್ಲಿ ಚಿತ್ರಾನ್ನ. ಎರಡರ ನಡುವೆ ಸೌಟು ಹಿಡಿದು ಮುನಿಲಕ್ಷ್ಮಮ್ಮ. ನಾನು ಹೊಂಗೆ ನೆರಳಲ್ಲಿ ಕುರ್ಚಿ ಹಾಕಿಕೊಂಡು ಕೂತೆ. ಹೂವು ಸುಮ್ಮನೆ ತಲೆ ಮೇಲೆ ಉದುರುತ್ತಿತ್ತು. ನಮ್ಮವರು ಹಬ್ಬಕ್ಕೆ ಊರಿಗೆ ಹೋಗಿ ಉಳಿದದ್ದು ಒಂಬತ್ತೇ ಜನ. ಊರು ಹತ್ತು ಓವರಿಗೆ ಅರವತ್ತೊಂದು. ನಮ್ಮವರು ಬಿದ್ದರು, ಎದ್ದರು, ಹೇಗೋ ಐವತ್ತೊಂಬತ್ತಕ್ಕೆ ಬಂದರು. ಅಷ್ಟರಲ್ಲಿ ಎಂಟನೇ ವಿಕೆಟ್ ಹೋಯಿತು. ಇನ್ನೊಂದು ತುದಿಯಲ್ಲಿ ಉದಯ ಒಬ್ಬನೇ. ಜೊತೆಗೆ ಆಡಲು ಯಾರೂ ಇಲ್ಲ. ಮುಗಿಯಿತು, ಹದಿನಾಲ್ಕು.

ಕೆಂಚಪ್ಪ ಪಿಚ್ಚಿನಿಂದ ನೆಟ್ಟಗೆ ನನ್ನ ಕುರ್ಚಿಗೆ ಬಂದ. "ಒಂಬತ್ತು ಜನಾನ ಸೋಲ್ಸಿ ಗೆದ್ವಿ ಅಂತ ನಾನ್ ಹೇಳ್ಕೊಳ್ಳಲ್ಲ. ಏಳಿ."

"ನಾನು ಓಡಂಗಿಲ್ಲ."

"ಓಡೋಕೆ ನಮ್ ಗಿರಿರಾಜನ್ನ ಕೊಡ್ತೀನಿ. ನೀವು ಬ್ಯಾಟ್ ಹಿಡ್ಕೊಂಡು ನಿಂತ್ಕೊಳ್ಳಿ ಸಾಕು."

ಗಿರಿರಾಜ್ ಊರಿನಲ್ಲಿ ಜಿಮ್ ನಡೆಸುವವನು. ಅವನನ್ನು ಮೀರಿ ಓಡುವವರು ಎರಡೂ ಕಡೆ ಇಲ್ಲ. ಮಾಲಾ "ಹೋಗ್ಬ್ಯಾಡ್ರಿ" ಅನ್ನುವುದರೊಳಗೆ ಎದ್ದಿದ್ದೆ. ಬೇಕಾಗಿದ್ದದ್ದು ಮೂರು ರನ್. ಬೌಲಿಂಗ್ ಕೆಂಚಪ್ಪನೇ. ತಿಂಗಳಿಡೀ ಕನಸಿನಲ್ಲಿ ಎಷ್ಟು ಸಿಕ್ಸರ್ ಹೊಡೆದಿದ್ದೆನೋ. ಇವತ್ತು ಬೀಸಿದ ಬ್ಯಾಟಿನ ಬೆನ್ನಿಗೆ ಚೆಂಡು ತಾಗಿ, ಕೀಪರ್ ತಲೆ ಮೇಲೆ ಹಾರಿ, ಹಿಂದಿನ ಜೊಂಡಿನೊಳಗೆ ಹೋಯಿತು. ನಾನು ನಿಂತಲ್ಲೇ ನಿಂತೆ. ಗಿರಿರಾಜ್ ಓಡಿದ. ಎಂಥ ಓಟ! ಒಂದು, ಎರಡು. ಚೆಂಡು ಸಿಕ್ಕಿತು, ಎಸೆದರು. ಗಿರಿರಾಜ್ ನೆಲಕ್ಕೆ ಎದೆ ಕೊಟ್ಟು ಜಾರಿದ, ಮೊಣಕೈ ತರಚಿಹೋಯಿತು. ಮೂರು.

ಗೆದ್ದೆವು.

ಯಾರೂ ಕೂಗಲಿಲ್ಲ. ಗೆದ್ದವರು ಏನು ಮಾಡಬೇಕು ಅಂತ ನಮ್ಮಲ್ಲಿ ಯಾರಿಗೂ ಗೊತ್ತಿರಲಿಲ್ಲ. ಗಿರಿರಾಜ್ ಒಬ್ಬ ಎದ್ದು ಕುಣಿದ, ಆಮೇಲೆ ನೆನಪಾಗಿ ನಾಲಿಗೆ ಕಚ್ಚಿಕೊಂಡ. ಕೆಂಚಪ್ಪ ಪಿಚ್ ನಡುವೆ ಸೊಂಟದ ಮೇಲೆ ಕೈಯಿಟ್ಟು ನೆಲ ನೋಡುತ್ತಿದ್ದ. ಹದಿಮೂರು ವರ್ಷ ಇದಕ್ಕೇ ಕಾದಿದ್ದೆ. ಈಗ ಅವನ ಮುಖ ನೋಡಲಾಗದೆ, ಬ್ಯಾಟಿನ ಹಿಡಿ ನೋಡಿಕೊಂಡು ನಿಂತಿದ್ದೆ.

ಹಂಡೆಯ ಕಡೆಯಿಂದ ಅಜ್ಜಿ ಕೂಗಿದರು, "ಯಾರ್ಲಾ ಗೆದ್ದಿದ್ದು?"

"ಸೈಟಿನೋರು ಅಜ್ಜಿ," ಅಂದ ಯಾರೋ, ಸಾವಿನ ಸುದ್ದಿ ಹೇಳುವ ಹಾಗೆ.

"ಸೈಟಿನೋರು ಅಂದ್ರೆ ಯಾರ್ಲಾ? ಯಾವೂರಿನೋರು? ಆ ಹುಡುಗ ಇಲ್ಲೇ ಬಂದು ಇಪ್ಪತ್ತು ವರ್ಷ ಆಯ್ತು, ನನ್ ಕೈಯಾರೆ ಔಸದಿ ಕುಡಿಸಿವ್ನಿ. ಹೇರೋಹಳ್ಳಿನೇ ಗೆದ್ದಿರೋದು. ಎಲ್ರೂ ಬನ್ನಿ, ಉಣ್ಣಿ, ಆರೋಯ್ತದೆ."

ಹದಿಮೂರು ವರ್ಷ ಕಾದು ಗೆದ್ದ ನನ್ನ ಗೆಲುವನ್ನು ಮುದುಕಿ ಒಂದೇ ಸೌಟಲ್ಲಿ ಊರಿಗೆಲ್ಲ ಬಡಿಸಿಬಿಟ್ಟಳು! ಸಿಟ್ಟು ಬರಬೇಕಿತ್ತು. ಬದಲಿಗೆ ಕಣ್ಣು ತುಂಬಿ ಬಂತು, ಎಲ್ಲರೆದುರು, ಮಗುವಿನ ಹಾಗೆ. ಹೊಸತೊಡಕಿನ ದಿನ ಅಳಬಾರದು ಅಂತ ಮಾಲಾ ಸೆರಗಿನಿಂದ ಒರೆಸಿದಳು.

ಊಟಕ್ಕೆ ಕೂತಾಗ ಕುಂಟುತ್ತಾ ಬಂದ ರೇವಂತ್ ಮತ್ತೆ ಶುರು ಮಾಡಿದ. "ಅಪ್ಪಾ, ಈಗ್ಲಾದ್ರೂ ಬರೋ ವರ್ಷದಿಂದ ಚೀಟಿ ಹಾಕಣ?"

"ಈಗಾ?" ಕೆಂಚಪ್ಪ ಎಲೆ ಮುಂದಿನಿಂದ ಎದ್ದೇಬಿಟ್ಟ. "ಒಂದು ಸಲ ಸೋತ ಮೇಲಾ? ನನ್ ಹೆಣ ಬೀಳ್ಬೇಕು! ಊರಂದ್ರೆ ಊರು, ಸೈಟಂದ್ರೆ ಸೈಟು!" ಆಮೇಲೆ ಎಂಜಲು ಕೈಯಲ್ಲೇ ಸೀದಾ ನನ್ನ ಎದುರು ಬಂದು ನಿಂತ. ಕಣ್ಣು ಕೆಂಪಗಿತ್ತು. "ಬರೋ ವರ್ಷ ಬಾರೋ ವೀರೇಶ. ಚೆನ್ನಾಗಿ ಉಂಡು, ಗಟ್ಟಿಯಾಗಿ ಬಾ. ನಿನ್ನ ಒಂದು ಕೈ ನೋಡ್ಕಂತೀನಿ."

"ಬತ್ತೀನಿ ಕಣಣ್ಣೋ," ಅಂದೆ.